ಗವ್ರಿಲನ ಬಲಗಾಲು

ಗವ್ರಿಲನಿಗೆ ಸಿಕ್ಕಿದ್ದು ನಡುವಿನ ಸೀಟು. ಅವನು ಅಲ್ಲೇ ಕೂತಿದ್ದರೆ ಮುಂದೆ ಆದದ್ದೇನೂ ಆಗುತ್ತಿರಲಿಲ್ಲ. ಆದರೆ ಕಿಟಕಿಯ ಪಕ್ಕ ಕೂತಿದ್ದ ಅಗ್ಲಾಯಮ್ಮ ಎದ್ದು ನಿಂತು, "ಮೊದಲನೇ ಸಲ ವಿಮಾನ ಹತ್ತಿದೀಯ, ಹೊರಗೆ ನೋಡಬೇಡ್ವೇನಪ್ಪ? ನನಗಂತೂ ಮೋಡ ನೋಡಿ ನೋಡಿ ಸಾಕಾಗಿದೆ" ಎಂದರು.

"ಬೇಡ ಅಗ್ಲಾಯಮ್ಮ, ನಾನು ಇಲ್ಲೇ ಆರಾಮಾಗಿದೀನಿ."

"ಸಂಕೋಚ ಮಾಡ್ಕೋಬೇಡ. ಜರುಗು."

ಗವ್ರಿಲ ಜರುಗಿದ. ಅಗ್ಲಾಯಮ್ಮ ಜರುಗು ಅಂದ ಮೇಲೆ ಜರುಗದವರು ಅವರ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಕ್ರಯೋವಾ ಊರಿನ ಆ ಹಳೇ ಕಟ್ಟಡದಲ್ಲಿ ಗವ್ರಿಲನದು ನಾಲ್ಕನೇ ಮಹಡಿ, ಅವರದು ಮೂರನೆಯದು. ತಲೆಯ ಮೇಲೆ ಕೇಳುವ ಹೆಜ್ಜೆ ಸಪ್ಪಳದಿಂದಲೇ ಗವ್ರಿಲ ಇವತ್ತು ಮೊಟ್ಟೆ ಬೇಯಿಸಿದನೋ ಹುರಿದನೋ ಎಂದು ಹೇಳಬಲ್ಲವರು ಅವರು.

ಗವ್ರಿಲನಿಗೆ ಐವತ್ತಮೂರು. ಮೂವತ್ತೊಂದು ವರ್ಷದಿಂದ ಊರಿನ ಟ್ರ್ಯಾಮ್ ಓಡಿಸುತ್ತಿದ್ದ. ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಅದು. ಎಡಕ್ಕೆ ತಿರುಗಬೇಕೋ ಬಲಕ್ಕೋ ಅನ್ನುವ ಯೋಚನೆಯೆಲ್ಲ ಹಳಿಯದು; ಚಾಲಕ ಹೊರಡಿಸಿದರಾಯಿತು, ನಿಲ್ಲಿಸಿದರಾಯಿತು. ಅದರಲ್ಲೂ ಗವ್ರಿಲನಿಗೆ ಹೊರಡಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚು ಇಷ್ಟ.

ಅವನ ಹೆಂಡತಿ ಜಾಂಫಿರಾ ಆರು ವರ್ಷದಿಂದ ಇಟಲಿಯ ಬೊಲೋನ್ಯಾದಲ್ಲಿದ್ದಳು. ಅಲ್ಲಿ ಎರ್ಸಿಲಿಯಾ ಎಂಬ ಎಂಬತ್ತೆಂಟರ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಪ್ರತಿ ಆಗಸ್ಟಿನಲ್ಲಿ ಮೂರು ವಾರ ಊರಿಗೆ ಬರುವಳು. ಹೊರಡುವ ದಿನ ಗವ್ರಿಲ ಬಾಗಿಲ ಹತ್ತಿರ ನಿಂತು, "ಇನ್ನು ಬಂದ್ಬಿಡೇ, ಸಾಕು" ಅನ್ನುವನು. ಅವಳು, "ಇನ್ನೊಂದು ವರ್ಷ, ಗವ್ರಿಲ" ಅನ್ನುವಳು. ಮತ್ತೆ ಹನ್ನೊಂದು ತಿಂಗಳು ಅವನು ಒಬ್ಬನೇ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡುವನು. ಮೇಜಿಗೆ ಎರಡು ಕುರ್ಚಿ. ಒಂದರಲ್ಲಿ ಕೂತರೆ ಇನ್ನೊಂದು ಕಣ್ಣಿಗೆ ಬೀಳುತ್ತಿತ್ತು.

ಅವಳೂ ಅವನನ್ನು ಕರೆಯದೆ ಬಿಟ್ಟಿರಲಿಲ್ಲ. ಐದು ಸಲ ಟಿಕೆಟ್ ತೆಗೆಸಿದ್ದಳು. ಐದೂ ಸಲ ಏನಾದರೊಂದು ಅಡ್ಡಿ. ಒಮ್ಮೆ ಹಲ್ಲುನೋವು, ಒಮ್ಮೆ ರಜೆ ಇಲ್ಲ, ಒಮ್ಮೆ ಅಕ್ಕನ ಮನೆಯ ಹಂದಿಗೆ ಹುಷಾರಿಲ್ಲ. ನಿಜ ಏನೆಂದರೆ ಗವ್ರಿಲನಿಗೆ ವಿಮಾನವೆಂದರೆ ಜೀವಭಯ. ಒಂದು ಸಲ ಬಸ್ಸಿನಲ್ಲಿ ಹೋಗಿದ್ದ. ಇಪ್ಪತ್ತೆಂಟು ಗಂಟೆಯ ಮೇಲೆ ಇಳಿದಾಗ ಅವನ ಸೊಂಟ ಸೀಟಿನ ಆಕಾರದಲ್ಲೇ ಉಳಿದುಕೊಂಡಿತ್ತು. ಇದ್ದ ನಾಲ್ಕು ದಿನವೂ ಎರ್ಸಿಲಿಯಾ ಅಜ್ಜಿಯೇ ಅವನನ್ನು ನೋಡಿಕೊಂಡಿದ್ದರು.

ಈ ಶನಿವಾರ ಅವರ ಮದುವೆಯಾಗಿ ಇಪ್ಪತ್ತೈದು ವರ್ಷ. ಜಾಂಫಿರಾ ಆರನೇ ಸಲ ಟಿಕೆಟ್ ಕಳಿಸಿದಳು. ಗವ್ರಿಲ ಬೆನ್ನುನೋವಿನ ಸಿದ್ಧತೆಯಲ್ಲಿದ್ದಾಗಲೇ ಅಗ್ಲಾಯಮ್ಮ ಮೆಟ್ಟಿಲ ಮೇಲೆ ಅಡ್ಡ ನಿಂತರು.

"ನಿನ್ನೆ ನಿನ್ನ ಹೆಂಡತಿ ಜೊತೆ ಫೋನಲ್ಲಿ ಮಾತಾಡಿದೆ ಕಣಪ್ಪ. ಅವಳ ದನಿ ಯಾಕೋ ಸರಿ ಇರಲಿಲ್ಲ."

"ನೆಗಡಿನಾ?"

"ನೆಗಡಿ ಅಲ್ಲ. ಏನೋ ಗಟ್ಟಿ ಮನಸ್ಸು ಮಾಡಿರೋ ಹೆಂಗಸಿನ ದನಿ. ಈ ಸಲಾನೂ ನೀನು ಹೋಗ್ಲಿಲ್ಲ ಅಂದ್ರೆ ಅವಳನ್ನ ಮರೆತುಬಿಡು. ನಾನೂ ಅದೇ ವಿಮಾನಕ್ಕೆ ಮಗಳ ಮನೆಗೆ ಹೊರಟಿದೀನಿ. ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ, ಬಾ."

ಹೀಗೆ ಗವ್ರಿಲ ಶನಿವಾರ ಬೆಳಗ್ಗೆ ಎಂಟು ಗಂಟೆಗೆ, ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು, ಕಿಟಕಿಗೆ ಮುಖ ಮಾಡಿ ಕೂತ.

ವಿಮಾನ ರನ್‌ವೇ ತುದಿಗೆ ಬಂದು ನಿಂತಿತು. ಎಂಜಿನ್ ಗುಡುಗಿತು. ಓಟ ಶುರುವಾಯಿತು. ಟ್ರ್ಯಾಮಿನ ಅತಿ ಹೆಚ್ಚು ವೇಗ ಎಷ್ಟೋ ಅಷ್ಟು ವೇಗ ಎರಡು ಉಸಿರು ಬಿಡುವುದರೊಳಗೆ ದಾಟಿಹೋಯಿತು. ಹುಲ್ಲು ಹಸಿರು ಗೆರೆಯಾಯಿತು, ಕಂಬಗಳು ಬೇಲಿಯಾದವು. ಮೂವತ್ತೊಂದು ವರ್ಷದ ಅಭ್ಯಾಸ; ಗವ್ರಿಲನ ಬಲಗಾಲು ತಾನಾಗಿಯೇ ಮುಂದೆ ಚಾಚಿ, ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿತು. ಬಾಯಿಂದ ದನಿ ಹೊರಟಿತು.

"ನಿಲ್ಸೀ. ನಿಲ್ಸಿ ಅಂದ್ರೆ ನಿಲ್ಸೀ."

ಅದೇನು ಸಾಮಾನ್ಯ ದನಿಯಲ್ಲ. ಹಳಿಯ ಮೇಲೆ ನಿಂತ ಲಾರಿಗಳನ್ನು, ಕುಡಿದು ಮಲಗಿದವರನ್ನು, ಹಸುಗಳನ್ನು ಎಬ್ಬಿಸಿ ಓಡಿಸಿದ ದನಿ. ಮೂವತ್ತನಾಲ್ಕು ಸಾಲಿನ ವಿಮಾನದ ಕೊನೆಯ ಸಾಲಿಗೂ ಕೇಳಿಸಿತು.

ವಿಮಾನ ನಿಂತಿತು.

ಸುಮ್ಮನೆ ನಿಲ್ಲಲಿಲ್ಲ, ಮೂಗು ತಗ್ಗಿಸಿ, ಗಡಗಡ ನಡುಗಿ, ಎಲ್ಲರ ಹಣೆಯನ್ನೂ ಮುಂದಿನ ಸೀಟಿಗೆ ಪರಿಚಯಿಸಿ ನಿಂತಿತು. ಯಾರದೋ ಚೀಲ ಬಿಚ್ಚಿಕೊಂಡು ಅಕ್ರೋಟುಗಳು ಗೋಲಿಗಳಂತೆ ನಡುದಾರಿಯುದ್ದಕ್ಕೂ ಉರುಳಿ ಪೈಲಟ್ಟಿನ ಬಾಗಿಲಿಗೆ ಹೋಗಿ ಟಕಟಕ ಬಡಿದವು. ಆಮೇಲೆ ಎಲ್ಲರ ಕತ್ತೂ ನಿಧಾನವಾಗಿ ಗವ್ರಿಲನ ಕಡೆ ತಿರುಗಿತು.

ಗವ್ರಿಲ ತನ್ನ ಕಾಲನ್ನೇ ನೋಡುತ್ತಿದ್ದ. ಅದು ಇನ್ನೂ ಒತ್ತಿಕೊಂಡೇ ಇತ್ತು.

ಅಷ್ಟರಲ್ಲಿ ಕ್ಯಾಪ್ಟನ್ನಿನ ದನಿ ಬಂತು. "ಪ್ರಯಾಣಿಕರೇ, ನಾನು ಕ್ಯಾಪ್ಟನ್ ತುದೋಸೆ. ಮುಂದಿನ ಚಕ್ರ ತಿರುಗಿಸುವ ಸ್ಟಿಯರಿಂಗ್ ವ್ಯವಸ್ಥೆಯಿಂದ ಒಂದು ಎಚ್ಚರಿಕೆ ಬಂತು. ಅದಕ್ಕೇ ಹಾರುವುದನ್ನು ಕೈಬಿಟ್ಟು ನಿಲ್ಲಿಸಿದ್ದೇವೆ. ಗಾಬರಿಪಡುವಂಥದ್ದು ಏನೂ ಇಲ್ಲ. ಎಳೆದೊಯ್ಯುವ ಗಾಡಿ ಬರುತ್ತದೆ, ದಯವಿಟ್ಟು ಕೂತಿರಿ."

"ಸ್ಟಿಯರಿಂಗ್" ಎಂದರು ಅಗ್ಲಾಯಮ್ಮ. ಆ ಒಂದು ಮಾತನ್ನು ಅವರು ಪೂಜೆಯ ಗಂಟೆಯಂತೆ ಬಾರಿಸಿದರು. ಹಿಂದಿನ ಸಾಲಿಗೆ ತಿರುಗಿ, "ಕೇಳಿದಿರಾ? ಕ್ಯಾಪ್ಟನ್ ಹೇಳೋಕೆ ಮುಂಚೆ ಇವನಿಗೆ ಗೊತ್ತಾಗಿತ್ತು. ಇವನು ಚಾಲಕ. ಮೂವತ್ತೊಂದು ವರ್ಷ ಒಂದೇ ಒಂದು ಅಪಘಾತ ಇಲ್ಲ. ಕಾಲಲ್ಲೇ ತಿಳ್ಕೊಂಡ" ಎಂದರು.

"ಇಲ್ಲ, ಅಗ್ಲಾಯಮ್ಮ, ನಾನು ಸುಮ್ನೆ..."

"ಸುಮ್ನೆ ಯಾರಾದ್ರೂ ಹಾಗೆ ಕೂಗ್ತಾರೇನಪ್ಪ?"

ಗವ್ರಿಲನ ಹತ್ತಿರ ಇದ್ದ ಉತ್ತರವನ್ನು ಇಷ್ಟು ಜನರ ಎದುರು ಹೇಳುವ ಹಾಗಿರಲಿಲ್ಲ.

ವಿಮಾನವನ್ನು ಎಳೆದು ತಂದು, ಎಲ್ಲರನ್ನೂ ಇಳಿಸಿ, ಕಾಯುವ ಹಾಲಿನಲ್ಲಿ ಕೂರಿಸಿದರು. ಸುದ್ದಿ ಸಾಲಿನಿಂದ ಸಾಲಿಗೆ ಹೋಗುತ್ತಾ ದಪ್ಪವಾಯಿತು. ಐದನೇ ಸಾಲಿನವರ ಪ್ರಕಾರ ಗವ್ರಿಲ ಎರಡು ಸಲ ಎಚ್ಚರಿಸಿದ್ದ. ಹದಿನೈದನೇ ಸಾಲಿನವರ ಪ್ರಕಾರ ಎದ್ದು ಹೋಗಿ ಪೈಲಟ್ಟಿನ ಬಾಗಿಲು ಬಡಿದಿದ್ದ. ಆ ಸದ್ದನ್ನು ಅವರೇ ಕಿವಿಯಾರೆ ಕೇಳಿದ್ದರು. ಇಪ್ಪತ್ತೆಂಟನೇ ಸಾಲು ತಲುಪುವಷ್ಟರಲ್ಲಿ ವಿಮಾನ ನಿಲ್ಲಿಸಿದ್ದೇ ಅವನು ಎಂದಾಗಿತ್ತು.

ಒಬ್ಬ ಕನ್ನಡಕದವನು ಮಾತ್ರ ಸಂದೇಹ ತೆಗೆದ. "ಟ್ರ್ಯಾಮಿಗೆ ಸ್ಟಿಯರಿಂಗೇ ಇರಲ್ವಲ್ಲ. ಇವರಿಗೆ ಹೇಗೆ ಗೊತ್ತಾಗುತ್ತೆ?"

ಅಗ್ಲಾಯಮ್ಮ ಅವನನ್ನು ಮರುಕದಿಂದ ನೋಡಿದರು. "ಅದೇ ಮತ್ತೆ. ನಿಮಗೆ ಸ್ಟಿಯರಿಂಗ್ ಇದ್ದು ಅಭ್ಯಾಸ, ಇಲ್ದಿದ್ರೆ ಗೊತ್ತಾಗಲ್ಲ. ಇವನಿಗೆ ಇಲ್ದೇ ಓಡ್ಸಿ ಅಭ್ಯಾಸ. ಇಲ್ಲ ಅಂದ ತಕ್ಷಣ ಗುರುತು ಹಿಡೀತಾನೆ."

ಕನ್ನಡಕದವನು ಬಾಯಿ ತೆರೆದ, ಸ್ವಲ್ಪ ಹೊತ್ತು ಲೆಕ್ಕ ಹಾಕಿದ, ಮುಚ್ಚಿಕೊಂಡ. ಐದು ನಿಮಿಷದ ಮೇಲೆ ಅವನೇ ಗವ್ರಿಲನಿಗೆ ಕಾಫಿ ತಂದುಕೊಟ್ಟು, ಕೊಳ್ಳಬೇಕೆಂದಿದ್ದ ಹಳೇ ಕಾರಿನ ಫೋಟೋ ತೋರಿಸಿ, "ನೋಡಿ ಹೇಳಿ ಅಣ್ಣ, ಎಡಕ್ಕೆ ಎಳೆಯುತ್ತಾ?" ಎಂದ.

ಗವ್ರಿಲ ಫೋಟೋವನ್ನು ದೂರ ಹಿಡಿದ, ಹತ್ತಿರ ಹಿಡಿದ. "ಸ್ವಲ್ಪ" ಎಂದ.

ಆ "ಸ್ವಲ್ಪ" ಅವನ ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯದು. ಜನ್ಮದಲ್ಲಿ ಮೊದಲ ಸಲ ಜನ ಅವನ ಸುತ್ತ ವೃತ್ತ ಕಟ್ಟಿ ಕೂತಿದ್ದರು. ಯಾರೋ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು ಕೊಟ್ಟರು, ಯಾರೋ ಕಾಲು ಚಾಚಿಕೊಳ್ಳಲು ತಮ್ಮ ಸೂಟ್‌ಕೇಸ್ ತಳ್ಳಿದರು, ಅದೂ ಬಲಗಾಲಿಗೇ ಎಂದು ಒತ್ತಿ ಹೇಳಿದರು. ಕಿತ್ತಳೆ ಜಾಕೀಟಿನ ಎಂಜಿನಿಯರ್ ಒಬ್ಬ ಹಾಲಿನ ಮೂಲಕ ಹಾದುಹೋಗುವಾಗ ಅಗ್ಲಾಯಮ್ಮ ತಡೆದು, "ವಿಮಾನ ಎಡಕ್ಕೆ ಎಳೀತಿತ್ತಂತೆ, ಬರ್ಕೊಳ್ಳಿ" ಎಂದರು.

"ಎಲ್ಲಿಗೂ ಎಳೆದಿಲ್ಲಮ್ಮ. ಎಚ್ಚರಿಕೆ ದೀಪ ಹತ್ತಿದ್ದು, ಅಷ್ಟೇ."

"ನೋಡಿದಿರಾ?" ಅಗ್ಲಾಯಮ್ಮ ಜನರ ಕಡೆ ತಿರುಗಿದರು. "ಎಳೆಯೋಕೆ ಮುಂಚೇನೇ ಇವನಿಗೆ ಗೊತ್ತಾಗಿದೆ."

ಹತ್ತು ಹೋಗಿ ಹನ್ನೊಂದಾಯಿತು, ಹನ್ನೊಂದು ಹೋಗಿ ಹನ್ನೆರಡಾಯಿತು. ಗವ್ರಿಲನ ತಲೆಯೊಳಗೆ ಒಂದು ಸಣ್ಣ, ಸಿಹಿಯಾದ ಆಲೋಚನೆ ಮೊಳೆಯಿತು. ವಿಮಾನ ಕೆಟ್ಟಿದೆ. ಕೆಟ್ಟಿದ್ದು ನಿಜ. ಇನ್ನೂರು ಜನ ಸಾಕ್ಷಿ. ಆರು ವರ್ಷದಲ್ಲಿ ಮೊದಲ ಸಲ ಅವನ ಹತ್ತಿರ ಒಂದು ಅಪ್ಪಟ ನೆಪವಿತ್ತು. ಈಗ ಮನೆಗೆ ಹೋಗಿ ಜಾಂಫಿರಾಗೆ ಫೋನ್ ಮಾಡಿದರೆ ಅವಳಾದರೂ ಏನು ಅನ್ನಬಲ್ಲಳು?

"ಜಾಂಫಿರಾಗೆ ನಾನೇ ಫೋನ್ ಮಾಡಿ ಎಲ್ಲಾ ಹೇಳಿಬಿಟ್ಟೆ" ಎಂದರು ಅಗ್ಲಾಯಮ್ಮ, ಅವನ ಮನಸ್ಸಿನ ಸಪ್ಪಳವೂ ಕೇಳಿಸಿತೇನೋ ಅನ್ನುವ ಹಾಗೆ.

"ಏನಂದಳು?"

"ಮೂರು ಸಲ ಕೇಳಿದಳು. ನಮ್ಮ ಗವ್ರಿಲನೇನಾ, ನಮ್ಮ ಗವ್ರಿಲನೇನಾ ಅಂತ. ಆಮೇಲೆ ಅವನು ಬರ್ತಾನಾ ಅಂದಳು. ಸಿಂಹದ ಹಾಗೆ ಬರ್ತಾನೆ ಅಂದೆ."

ಒಂದು ಗಂಟೆಗೆ ಧ್ವನಿವರ್ಧಕದಲ್ಲಿ ಘೋಷಣೆ ಬಂತು. ಕೆಟ್ಟಿದ್ದ ಭಾಗ ಬದಲಾಯಿಸಿ ಪರೀಕ್ಷೆ ಮಾಡಿದ್ದಾಗಿದೆ, ಪ್ರಯಾಣಿಕರು ಹತ್ತಬಹುದು. ಜನ ಎದ್ದರು, ಚೀಲ ಹುಡುಕಿದರು, ಸಾಲು ಕಟ್ಟಲು ತಳ್ಳಾಡಿದರು. ಇದೇ ಸಮಯವೆಂದು ಗವ್ರಿಲ ಕೈಚೀಲ ಎತ್ತಿಕೊಂಡು, ಶೌಚಾಲಯಕ್ಕೆ ಹೊರಟವನಂತೆ ಮುಖ ಮಾಡಿ, ಗೋಡೆಗುಂಟ ಹೊರಬಾಗಿಲ ಕಡೆ ಸರಿದ. ಹತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ. ಬಾಗಿಲ ಹಿಡಿಗೆ ಕೈ ಹಾಕಿ ಯಾಕೋ ಹಿಂತಿರುಗಿ ನೋಡಿದ.

ಇನ್ನೂರು ಜನ ಅವನ ಹಿಂದೆ ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಚೀಲ.

"ನೀವು ಹೊರಟುಬಿಟ್ರಲ್ಲ" ಎಂದ ಕನ್ನಡಕದವನು. "ಅಂದಮೇಲೆ ಅದು ರಿಪೇರಿ ಆಗಿಲ್ಲ."

"ನಾನು ಶೌಚಾಲಯಕ್ಕೆ..."

"ಶೌಚಾಲಯ ಆ ಕಡೆ ಇದೆ ಅಣ್ಣ. ನಮ್ಮ ಹತ್ರ ಮುಚ್ಚಿಡಬೇಡಿ."

ಇತ್ತ ವಿಮಾನ ಹತ್ತುವ ಬಾಗಿಲಲ್ಲಿ ಗಗನಸಖಿ ಒಬ್ಬಳೇ ನಿಂತಿದ್ದಳು, ಊಟ ಬಡಿಸಿಟ್ಟು ನೆಂಟರಿಗಾಗಿ ಕಾಯುವ ಮನೆಯೊಡತಿಯಂತೆ. ಅವಳು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ತುದೋಸೆ ಬಂದ. ನರೆತ ಮೀಸೆ, ನಿದ್ದೆಗೆಟ್ಟ ಕಣ್ಣು. ಯಾರನ್ನೂ ಕೇಳದೆಯೇ ಗವ್ರಿಲ ಯಾರೆಂದು ಅವನಿಗೆ ಗೊತ್ತಾಯಿತು, ಯಾಕೆಂದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಸಾಲಿನಿಂದ ಒಬ್ಬ ಮುದುಕ ಮುಂದೆ ಬಂದ. ಆಂಗೆಲಜ್ಜ ಎಂದು ಅವನ ಹೆಸರು. ಬೆಳಗಿನಿಂದ ಮೂಲೆಯಲ್ಲಿ ಒಂದು ಬಿಳಿ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮಾತಿಲ್ಲದೆ ಕೂತಿದ್ದ. ಟೋಪಿ ತೆಗೆದು ಗವ್ರಿಲನ ಎದುರು ನಿಂತ.

"ಸ್ವಾಮಿ, ಸಂಜೆ ಆರಕ್ಕೆ ನನ್ನ ಮೊಮ್ಮಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ. ಮಗುವಿಗೆ ಸುತ್ತೋ ಈ ಬಟ್ಟೆ ನನ್ನ ಹೆಂಡತಿ ನೇಯ್ದದ್ದು. ಅವಳಿಲ್ಲ ಈಗ. ಇದನ್ನು ತಲುಪಿಸಬೇಕು. ಎಂಜಿನಿಯರ್ ಹೇಳಿದ್ದು ನನಗೆ ತಿಳಿಯಲ್ಲ, ನೀವು ಹೇಳಿ. ಹತ್ತು ಅಂದ್ರೆ ಹತ್ತುತ್ತೀನಿ, ಬೇಡ ಅಂದ್ರೆ ಬೇಡ."

ಮುದುಕನ ಕಣ್ಣಲ್ಲಿ ಒಂದಿಷ್ಟೂ ತಮಾಷೆ ಇರಲಿಲ್ಲ. ಗವ್ರಿಲ ಕ್ಯಾಪ್ಟನ್ನಿನ ತೋಳು ಹಿಡಿದು ಕಂಬದ ಮರೆಗೆ ಎಳೆದ.

"ಸಾರ್, ನಿಮಗೊಂದು ಮಾತು ಹೇಳ್ಬೇಕು. ನನಗೆ ಏನೂ ಗೊತ್ತಾಗ್ಲಿಲ್ಲ. ಸ್ಟಿಯರಿಂಗೂ ಇಲ್ಲ, ಗೀಯರಿಂಗೂ ಇಲ್ಲ. ಹೆದರಿಕೆ ಆಯ್ತು, ಕೂಗಿದೆ. ಅಷ್ಟೇ."

ಕ್ಯಾಪ್ಟನ್ ಮೀಸೆ ಉಜ್ಜಿಕೊಂಡ. "ನಿಮ್ಮ ಕೂಗು ನನಗೆ ಕೇಳಿಸಲೇ ಇಲ್ಲ. ದೀಪ ಹತ್ತಿತು. ನನಗೂ ಹೆದರಿಕೆ ಆಯ್ತು, ನಿಲ್ಲಿಸಿದೆ. ನಿಮಗೂ ನನಗೂ ಅಂಥ ವ್ಯತ್ಯಾಸ ಏನಿಲ್ಲ."

"ಈಗ ಸರಿ ಇದೆಯಾ?"

"ಸರಿ ಇಲ್ಲದ ವಿಮಾನ ನಾನು ಹಾರಿಸಲ್ಲ ಅಂತ ಬೆಳಗ್ಗೆ ನೀವೇ ನೋಡಿದಿರಲ್ಲ." ಅವನು ದನಿ ತಗ್ಗಿಸಿದ. "ನೀವು ಆ ಬಾಗಿಲಿಂದ ಹೋದರೆ ಇವರೆಲ್ಲ ಹೋಗ್ತಾರೆ, ಆ ಅಜ್ಜನೂ ಹೋಗ್ತಾನೆ. ಹತ್ತಿ. ಆದರೆ ಈಗ ನನಗೆ ಹೇಳಿದ್ದನ್ನ ಇವರಿಗೆ ಹೇಳಬೇಡಿ."

ಗವ್ರಿಲ ಕಂಬದ ಮರೆಯಿಂದ ಹೊರಬಂದು, ಕೋಟಿನ ಗುಂಡಿ ಹಾಕಿಕೊಂಡು, ಆಂಗೆಲಜ್ಜನ ಮುಂದೆ ನಿಂತು, "ಹತ್ತೋಣ ನಡೀರಿ ಅಜ್ಜ" ಎಂದ.

ಅವನನ್ನು ಮೊದಲ ಸಾಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂರಿಸಿದರು. ಒಂದು ಪಕ್ಕ ಆಂಗೆಲಜ್ಜ, ಇನ್ನೊಂದು ಪಕ್ಕ ಅಗ್ಲಾಯಮ್ಮ. ಎಂಜಿನ್ ಗುಡುಗಿದಾಗ ಹಿಂದಿನ ಸಾಲುಗಳಿಂದ ತಲೆಗಳು ಕೊಕ್ಕರೆಗಳಂತೆ ಮೇಲೆದ್ದವು. ಗವ್ರಿಲ ನಕ್ಕ. ಪಾಸ್‌ಪೋರ್ಟಿನ ಫೋಟೋದಲ್ಲಿಯೂ ಯಾರೂ ಅಷ್ಟು ಬಿಗಿಯಾಗಿ ನಕ್ಕಿರಲಾರರು. ಬಲಗಾಲು ಎದ್ದೆದ್ದು ಬರುತ್ತಿತ್ತು. ಅದರ ಮೇಲೆ ಎಡಗಾಲನ್ನಿಟ್ಟು ಅದುಮಿ ಹಿಡಿದ. ಹುಲ್ಲು ಗೆರೆಯಾಯಿತು, ಕಂಬ ಬೇಲಿಯಾಯಿತು, ಹೊಟ್ಟೆ ಒಂದು ಮಹಡಿ ಕೆಳಗೇ ಉಳಿಯಿತು. ಆಂಗೆಲಜ್ಜನ ಒರಟು ಕೈ ಅವನ ಕೈಯೊಳಗೆ ಬಂತು. ಅಜ್ಜನಿಗೆ ಧೈರ್ಯ ಹೇಳಲು ಗವ್ರಿಲ ಆ ಕೈಯನ್ನು ಬೊಲೋನ್ಯಾ ಬರುವವರೆಗೂ ಬಿಡಲಿಲ್ಲ ಎಂದು ಎಲ್ಲರೂ ಆಮೇಲೆ ಹೇಳಿದರು. ಬಿಡದೇ ಇದ್ದದ್ದು ನಿಜ.

ಬೊಲೋನ್ಯಾದಲ್ಲಿ ಜಾಂಫಿರಾ ನೀಲಿ ಕೋಟು ಹಾಕಿಕೊಂಡು ಕಾಯುತ್ತಿದ್ದಳು. ಗವ್ರಿಲ ಅವಳನ್ನು ತಬ್ಬಿಕೊಳ್ಳುವ ಮುಂಚೆಯೇ ಅಗ್ಲಾಯಮ್ಮ ಶುರು ಮಾಡಿದ್ದರು. ಎಲ್ಲವನ್ನೂ ಹೇಳಿದರು, ಆಗದೇ ಇದ್ದದ್ದನ್ನು ಇನ್ನೂ ಚೆನ್ನಾಗಿ ಹೇಳಿದರು. ಕನ್ನಡಕದವನು ಬಂದು ಗವ್ರಿಲನ ಕೈ ಕುಲುಕಿ, ಆ ಕಾರು ಕೊಳ್ಳುವುದಿಲ್ಲ ಎಂದು ಮಾತು ಕೊಟ್ಟು ಹೋದ. ಆಂಗೆಲಜ್ಜ ಬಿಳಿ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಬಂದವನೇ ಬಾಗಿ ಗವ್ರಿಲನ ಕೈಗೆ ಮುತ್ತಿಟ್ಟ. ಜಾಂಫಿರಾ ಗಂಡನನ್ನು ಹೊಸದಾಗಿ ಬಣ್ಣ ಹೊಡೆಸಿದ ಮನೆಯನ್ನು ನೋಡುವ ಹಾಗೆ ನೋಡುತ್ತಾ ನಿಂತಳು.

ಬಸ್ಸಿನಲ್ಲಿಯೂ ಹಾಗೇ ನೋಡುತ್ತಾ ಬಂದಳು. ಎರ್ಸಿಲಿಯಾ ಅಜ್ಜಿಯ ಮನೆಯಲ್ಲಿ ಮಾಂಸ ತುಂಬಿದ ಎಲೆಕೋಸಿನ ಸುರುಳಿ ಮಾಡಿಟ್ಟಿದ್ದಳು. ಗವ್ರಿಲ ಕೂತು ಉಂಡ. ಎದುರು ಕುರ್ಚಿಯಲ್ಲಿ ಜಾಂಫಿರಾ ಇದ್ದಳು. ಊಟವಾದ ಮೇಲೆ ಕೋಟು ನೇತುಹಾಕಲು ಅವಳ ಕೋಣೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟ. ಬೀರು ಖಾಲಿ. ಮಂಚದ ಮೇಲೆ ಎರಡು ದೊಡ್ಡ ಸೂಟ್‌ಕೇಸು ಬಾಯಿ ತೆರೆದುಕೊಂಡು ತುಂಬಿದ್ದವು.

ಅಗ್ಲಾಯಮ್ಮ ಹೇಳಿದ್ದ ಗಟ್ಟಿ ಮನಸ್ಸು ಮಾಡಿದ ದನಿಯ ಅರ್ಥ ಅವನಿಗೆ ಈಗ ಹೊಳೆಯಿತು. ಸೂಟ್‌ಕೇಸುಗಳ ನಡುವೆ ಕುಸಿದು ಕೂತ.

"ಯಾರ ಜೊತೆ ಹೊರಟಿದೀಯೇ?" ಎಂದ.

"ಯಾರ ಜೊತೆ ಅಂದ್ರೆ? ಒಬ್ಬಳೇ. ಮನೆಗೆ."

"ಯಾವ ಮನೆಗೆ?"

"ಎಷ್ಟು ಮನೆ ಇದೆ ನಮಗೆ? ಕ್ರಯೋವಾಗೆ." ಜಾಂಫಿರಾ ಅವನ ಪಕ್ಕ ಕೂತಳು. "ನೀನು ಈ ಸಲಾನೂ ಬರಲ್ಲ ಅಂತ ನನಗೆ ಖಾತ್ರಿ ಇತ್ತು, ಗವ್ರಿಲ. ಪಾಪ, ಹೆದರುಪುಕ್ಕ ಮನುಷ್ಯ, ಎಷ್ಟು ವರ್ಷ ಅಂತ ಒಬ್ಬನೇ ಇರ್ತಾನೆ, ಇನ್ನು ಸಾಕು, ಹೋಗಿಬಿಡೋಣ ಅಂತ ಮನಸ್ಸು ಮಾಡಿದ್ದೆ. ಸೋಮವಾರ ಹೊರಡೋಳಿದ್ದೆ."

ಆರು ವರ್ಷ ಬಾಗಿಲಲ್ಲಿ ನಿಂತು ಕೇಳಿದ್ದು ಇದೇ. ಕಣ್ಣು ತುಂಬಿ ಬಂತು. ಅವಳ ಕೈ ಹಿಡಿಯಲು ಹೋದ. ಆದರೆ ಅವಳ ಕೈಯಲ್ಲಿ ಆಗಲೇ ಸೂಟ್‌ಕೇಸಿನಿಂದ ತೆಗೆದ ಒಂದು ಲಂಗ ಇತ್ತು. ಅದನ್ನು ಕೊಡವಿ ಬೀರುವಿಗೆ ನೇತುಹಾಕಿದಳು.

"ಏನ್ ಮಾಡ್ತಿದೀಯ?"

"ಇನ್ಯಾಕೆ ಹೋಗಲಿ? ಅಜ್ಜಿ ಇನ್ನೆರಡು ವರ್ಷ ಇರು ಅಂತ ಕೈ ಹಿಡ್ಕೊಂಡು ಕೇಳ್ತಾ ಇದ್ರು. ನಿನ್ನ ದೆಸೆಯಿಂದ ಆಗಲ್ಲ ಅನ್ನೋಳಿದ್ದೆ. ಈಗ ಆ ಯೋಚನೆ ಇಲ್ಲ. ತಿಂಗಳಿಗೊಂದು ಸಲ ನೀನೇ ಬಂದು ಹೋಗು." ಇನ್ನೊಂದು ಲಂಗ ಮೇಲೇರಿತು.

"ಜಾಂಫಿರಾ, ಕೇಳಿಲ್ಲಿ. ನನಗೆ ಹೆದರಿಕೆ ಕಣೇ. ಈಗಲೂ ಹೆದರಿಕೆ. ಆಗ ಕೂಗಿದ್ದೂ ಹೆದರಿಕೆಗೆ. ದೇವರಾಣೆ. ಕ್ಯಾಪ್ಟನ್ನನ್ನೇ ಕೇಳು."

ಜಾಂಫಿರಾ ಬಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವಳ ದನಿಯಲ್ಲಿ ಮದುವೆಯಾದ ಹೊಸತರಲ್ಲಿಯೂ ಇರದಿದ್ದ ಒಂದು ಗೌರವ ಇತ್ತು.

"ಧೈರ್ಯ ಇರೋರೆಲ್ಲ ಹೀಗೇ ಹೇಳೋದು" ಎಂದಳು. "ನನ್ನ ಹತ್ರ ವಿನಯ ಬೇಡ. ಆ ಮುದುಕ ನಿನ್ನ ಕೈಗೆ ಮುತ್ತಿಟ್ಟದ್ದು ಕಣ್ಣಾರೆ ನೋಡಿದೀನಿ."

ಆಮೇಲೆ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಪಕ್ಕದ ಕೋಣೆಗೆ ಹೋದಳು. ಗೋಡೆಯಾಚೆ ಅವಳು ಇಟಾಲಿಯನ್ನಿನಲ್ಲಿ ಏನೋ ಹೇಳುವುದು ಕೇಳಿಸಿತು. ಗವ್ರಿಲನಿಗೆ ಆ ಭಾಷೆಯ ಒಂದು ಶಬ್ದವೂ ಬರುತ್ತಿರಲಿಲ್ಲ. ಆದರೆ ಅದರ ಬೆನ್ನಿಗೇ ಎರಡು ಮುದಿ ಕೈಗಳು ಖುಷಿಯಿಂದ ಚಪ್ಪಾಳೆ ತಟ್ಟಿದ್ದು ಅವನಿಗೆ ಚೆನ್ನಾಗಿ ಅರ್ಥವಾಯಿತು.